ಚುಕ್ಕಿ ಇಟ್ಟ ಮಾತು, ಹಾಗೇ ಬಿಟ್ಟ ಮಾತು

ಮೊದಲಿಗೆ ಒಂದು ತಪ್ಪೊಪ್ಪಿಗೆ. ಕಳೆದ ತಿಂಗಳು ಆಕ್ಲೆಂಡಿನಲ್ಲಿ ಸೇರಿದ್ದ ನಮ್ಮ ಓದುಬಳಗದಲ್ಲಿ ದೇವನೂರ ಮಹಾದೇವರ 'ಒಡಲಾಳ'ದ ಕೆಲವು ಪುಟಗಳನ್ನು ಓದುವ ಸರದಿ ನನ್ನದಾಗಿತ್ತು. ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕಿಕೊಂಡು ತಿರುಗುವ ಭಾಗ. ಸಭೆಯಲ್ಲಿ ಮಕ್ಕಳೂ ಇರುತ್ತಾರಲ್ಲ ಎಂದು ಹಿಂದಿನ ರಾತ್ರಿಯೇ ಪೆನ್ಸಿಲ್ ಹಿಡಿದು ಕೂತು ನಾಲ್ಕೈದು ಬೈಗುಳಗಳ ಮೇಲೆ ಗೀಟು ಹಾಕಿಟ್ಟಿದ್ದೆ. ಓದುವಾಗ ಆ ಜಾಗ ಬಂದಲ್ಲೆಲ್ಲ ಸಣ್ಣಗೆ ಕೆಮ್ಮಿ ಮುಂದಕ್ಕೆ ಹಾರಿದೆ. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡೆ.

ಮನೆಗೆ ಬರುವಾಗ ಕಾರಿನಲ್ಲಿ ಹದಿನಾಲ್ಕು ವರ್ಷದ ಮಗಳು ಕೇಳಿದಳು: "ಅಪ್ಪ, ಅಷ್ಟೊಂದು ಸಲ ಯಾಕೆ ಕೆಮ್ಮಿದೆ?" ನಿಜ ಹೇಳಿದೆ. "ಓ, ಬೀಪ್!" ಎಂದು ನಕ್ಕಳು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದಳು: "ಹಾಗಾದ್ರೆ ಊಟ ಮಾಡುವಾಗ ಆ ಅಂಕಲ್ ಹೇಳಿದ್ದಕ್ಕೆ ಯಾರೂ ಯಾಕೆ ಬೀಪ್ ಹಾಕ್ಲಿಲ್ಲ?"

ಊಟದ ಹೊತ್ತಿನಲ್ಲಿ ನಮ್ಮೊಬ್ಬ ಮಿತ್ರರು ಆಫೀಸಿನ ಕಥೆ ಹೇಳುತ್ತಾ, ಜಾತಿಯ ಹೆಸರಿರುವ ಹಳೇ ಗಾದೆಯೊಂದನ್ನು ಸಲೀಸಾಗಿ ಬಿಟ್ಟಿದ್ದರು. ಆ ಪದದ ಅರ್ಥವನ್ನು ಮಗಳು ಅಲ್ಲೇ ಅಮ್ಮನನ್ನು ಕೇಳಿ ತಿಳಿದುಕೊಂಡಿದ್ದಳಂತೆ. ಯಾರು ಹೇಳಿದ್ದು ಎಂದು ಕೇಳಬೇಡಿ. ಎಲ್ಲರೂ ನಕ್ಕೆವು, ನಾನೂ ನಕ್ಕೆ. ಸಾಕವ್ವನ ಬಾಯಿಗೆ ಕೈ ಅಡ್ಡ ಹಿಡಿದವನು, ಅವಳ ಜಾತಿಯನ್ನೇ ಬೈಗುಳ ಮಾಡಿಕೊಂಡ ಗಾದೆಗೆ ಅರ್ಧ ಗಂಟೆಯೊಳಗೆ ನಕ್ಕಿದ್ದೆ. ಈ ಬರಹ ಅದರ ಬಗ್ಗೆ.

ನಾವಿರುವ ಈ ದೇಶದಲ್ಲೂ ಕೆಟ್ಟ ಮಾತಿನ ಜಗಳ ಹೊಸದೇನಲ್ಲ. 1972ರಲ್ಲಿ ಲೇಖಕಿ ಜರ್ಮೇನ್ ಗ್ರೀರ್ ಆಕ್ಲೆಂಡಿನ ಸಭೆಯೊಂದರಲ್ಲಿ ಆಡಿದ ಎರಡು ಮಾತುಗಳಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅದೇ ನ್ಯೂಜಿಲೆಂಡಿನಲ್ಲಿ 1999ರಲ್ಲಿ ಟೊಯೋಟಾ ಹೈಲಕ್ಸ್‌ನ ಜಾಹೀರಾತು ಟೀವಿಗೆ ಬಂತು. ಹೊಸ ಗಾಡಿಯ ಶಕ್ತಿ ಅಂದಾಜಾಗದೆ ರೈತ ಒಂದಾದ ಮೇಲೊಂದು ಎಡವಟ್ಟು ಮಾಡುತ್ತಾನೆ, ಪ್ರತಿ ಎಡವಟ್ಟಿಗೂ ಬಾಯಿಂದ ಬರುವುದು 'ಬಗರ್' ಎಂಬ ಒಂದೇ ಮಾತು. ಒಗೆದು ಹರವಿದ ಬಟ್ಟೆಗೆ ಕೆಸರು ಎರಚಿಸಿಕೊಂಡ ಹೆಂಡತಿಯದೂ ಅದೇ ಮಾತು, ಕೊನೆಗೆ ಗಾಡಿಗೆ ಹಾರಲು ಹೋಗಿ ಕೆಸರಿಗೆ ಬಿದ್ದ ನಾಯಿಯದೂ ಅದೇ ಮಾತು! ಪದದ ಮೂಲಾರ್ಥ ಹುಡುಕಿದರೆ ಈ ಪತ್ರಿಕೆಯಲ್ಲಿ ಬರೆಯಲು ಸಂಕೋಚವಾಗುತ್ತದೆ. 100ಕ್ಕೂ ಹೆಚ್ಚು ದೂರುಗಳು ಬಂದವು. ಜಾಹೀರಾತು ದೂರು ಮಂಡಳಿ ಅವನ್ನು ಎತ್ತಿಹಿಡಿಯಲಿಲ್ಲ. ಆ ಮಾತು ಅಲ್ಲಿ ಯಾರನ್ನೂ ಬೈಯುತ್ತಿರಲಿಲ್ಲ. ಕೈಮೀರಿದ ಕೆಲಸಕ್ಕೆ ಬಂದ ಉದ್ಗಾರ ಅದು, ನಮ್ಮ 'ಅಯ್ಯೋ ಶಿವನೇ' ಇದ್ದ ಹಾಗೆ. 1953ರಲ್ಲಿ ಎವರೆಸ್ಟ್ ಇಳಿದು ಬಂದ ಹಿಲರಿ ಗೆಳೆಯ ಜಾರ್ಜ್ ಲೋ ಎದುರು ಆ ಪರ್ವತವನ್ನು 'ಬಾಸ್ಟರ್ಡ್' ಎಂದು ಕರೆದದ್ದು ಇಲ್ಲಿ ಜನಜನಿತ. ಪರ್ವತ ಬೇಸರ ಮಾಡಿಕೊಳ್ಳಲಿಲ್ಲ. ಹಿಲರಿ 5 ಡಾಲರ್ ನೋಟಿನ ಮೇಲೂ ಬಂದರು.

1989ರ ಪ್ರಸಾರ ಕಾಯಿದೆಯಿಂದ ಹುಟ್ಟಿದ ಬ್ರಾಡ್‌ಕಾಸ್ಟಿಂಗ್ ಸ್ಟ್ಯಾಂಡರ್ಡ್ಸ್ ಅಥಾರಿಟಿ ಒಂದು ವಿಚಿತ್ರ ಕೆಲಸ ಮಾಡಿತು. ಕೆಲವು ವರ್ಷಗಳಿಗೊಮ್ಮೆ ಜನರ ಮುಂದೆ ಬೈಗುಳಗಳ ಪಟ್ಟಿ ಇಟ್ಟು ಕೇಳಿತು: ರಾತ್ರಿ 8:30ರ ನಂತರದ ಟೀವಿ ನಾಟಕದಲ್ಲಿ ಈ ಮಾತು ಬಂದರೆ ಒಪ್ಪುವಿರಾ? ಹಾಸ್ಯಗಾರ ಆಡಿದರೆ? ಬೆಳಗಿನ ರೇಡಿಯೋ ನಿರೂಪಕ ಆಡಿದರೆ? ಅಂದರೆ ಮಾತಿನ ಜೊತೆಗೆ ಯಾರು, ಎಲ್ಲಿ, ಯಾವಾಗ ಎಂಬುದನ್ನೂ ಕೇಳಿತು. 2018 ಮತ್ತು 2022ರ ವರದಿಗಳನ್ನು ಓದಿದಾಗ ಪಟ್ಟಿ ನಿಧಾನವಾಗಿ ಮಗ್ಗುಲು ಬದಲಿಸಿದ್ದು ಕಾಣುತ್ತದೆ. ದೇವರ ಹೆಸರಿನ ಉದ್ಗಾರಗಳು, 'ಬಗರ್'ನಂಥ ಮಾತುಗಳು ಕೆಳಕ್ಕಿಳಿದಿವೆ. ಒಂದು ಜನಾಂಗವನ್ನೇ ಹೀಗಳೆಯುವ ಮಾತುಗಳು ಮೇಲಕ್ಕೆ ಹತ್ತಿವೆ. ಹಾಗೆಂದು ಇವರೇನೂ ಪೂರ್ತಿ ಬದಲಾಗಿಲ್ಲ. ಹೆಣ್ಣಿನ ಅಂಗದ ಹೆಸರಿನ ಒಂದು ಬೈಗುಳ ಪಟ್ಟಿಯ ತುದಿಯ ಹತ್ತಿರವೇ ಉಳಿದಿತ್ತು. ಆದರೂ ದಿಕ್ಕು ಸ್ಪಷ್ಟ: ಮೈಗೆ ಸಂಬಂಧಿಸಿದ ಮಾತಿಗಿಂತ, ಮನುಷ್ಯನನ್ನು ಅವನ ಹುಟ್ಟಿನಿಂದ ಅಳೆಯುವ ಮಾತು ಹೆಚ್ಚು ಕೆಟ್ಟದ್ದು ಎಂದು ಜನರೇ ಹೇಳತೊಡಗಿದ್ದರು.

ಇದರ ಪಕ್ಕದಲ್ಲಿ ಭಾರತದ್ದನ್ನು ಇಟ್ಟು ನೋಡಿ. 2015ರ ಫೆಬ್ರವರಿಯಲ್ಲಿ ನಮ್ಮ ಸೆನ್ಸಾರ್ ಮಂಡಳಿ ಸಿನಿಮಾಗಳಲ್ಲಿ ಬಳಸಬಾರದ ಬೈಗುಳಗಳ ಪಟ್ಟಿಯನ್ನು ಹೊರಡಿಸಿತು. ಯಾರನ್ನೂ ಕೇಳಿರಲಿಲ್ಲ, ಸಂದರ್ಭದ ಮಾತೇ ಇರಲಿಲ್ಲ. ಮಂಡಳಿಯ ಒಳಗಿನವರೇ ಆಕ್ಷೇಪಿಸಿ ಅದು ತಡೆಹಿಡಿಯಲ್ಪಟ್ಟಿತು. ಪದವನ್ನು ಮಾತ್ರ ನೋಡುವ ಈ ತಪ್ಪು ನನ್ನ ಕಸುಬಿನವರಿಗೂ ಚೆನ್ನಾಗಿ ಗೊತ್ತು. 1996ರಲ್ಲಿ ಎಓಎಲ್ ಕಂಪನಿಯ ಫಿಲ್ಟರು ಇಂಗ್ಲೆಂಡಿನ ಸ್ಕಂತೋರ್ಪ್ ಊರಿನವರಿಗೆ ಖಾತೆ ತೆರೆಯಲು ಬಿಡಲಿಲ್ಲ. ಊರ ಹೆಸರಿನ ನಡುವೆ ನಾಲ್ಕು ಅಕ್ಷರದ ಬೈಗುಳವೊಂದು ಅಡಗಿ ಕೂತಿತ್ತು! ಪ್ರೋಗ್ರಾಮಿಗೆ ಅಕ್ಷರ ಕಾಣುತ್ತದೆ, ಆಡಿದವರು ಕಾಣುವುದಿಲ್ಲ. ಅವತ್ತು ಪೆನ್ಸಿಲ್ ಹಿಡಿದ ನಾನೂ ಅಂಥದೇ ಪ್ರೋಗ್ರಾಮಾಗಿದ್ದೆ.

ನಮ್ಮ ತಲೆಯೊಳಗಿನ ಫಿಲ್ಟರು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ? ಮೈಯ ಭಾಗಗಳ ಹೆಸರು ಬಂದರೆ ಕತ್ತರಿ, ಚುಕ್ಕಿ, ಕೆಮ್ಮು. ಆದರೆ 'ಬೋಳಿಮಗ' ಸಿನಿಮಾದ ಹಾಸ್ಯದಲ್ಲಿ ಬಂದರೆ ಕುಟುಂಬ ಸಮೇತ ನಗುತ್ತೇವೆ. ಗಂಡ ಸತ್ತ ಹೆಣ್ಣಿನ ತಲೆ ಬೋಳಿಸುತ್ತಿದ್ದರಲ್ಲ, ಆ ಬೋಳಿಯ ಮಗ. 'ಮುಂಡೆ' ಎಂದರೂ ಅವಳೇ. ನಮ್ಮ ಎಷ್ಟೋ ಮನೆಗಳಲ್ಲಿ ಅಂಥ ಮುತ್ತಜ್ಜಿಯರು ಕೆಂಪು ಸೀರೆಯ ಸೆರಗು ಹೊದ್ದು ಮೂಲೆಯಲ್ಲಿ ಕೂತಿದ್ದರು. ಆ ಮಾತಿಗೆ ನಾವು ಚುಕ್ಕಿ ಇಟ್ಟವರಲ್ಲ.

ಜಾತಿಯ ಮಾತು ಇನ್ನೂ ಒಳಗಿನದು. ನ್ಯೂಜಿಲೆಂಡಿನ ಪ್ರಸಾರ ಕಾಯಿದೆ ಬಂದ 1989ರಲ್ಲೇ ಭಾರತದ ಸಂಸತ್ತು ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯಿದೆಯನ್ನು ಅಂಗೀಕರಿಸಿತು. ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸುವುದು ಅದರಡಿ ಅಪರಾಧ. 2015ರ ತಿದ್ದುಪಡಿ ಜಾತಿ ಹೆಸರು ಹಿಡಿದು ಬೈಯುವುದನ್ನು ಬಿಡಿಸಿ ಹೇಳಿತು. ಆದರೆ ಗಾದೆಗಳು ನಾಲಿಗೆಯ ಮೇಲೇ ಉಳಿದವು. 2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಫೇಸ್‌ಬುಕ್ ನೇರಪ್ರಸಾರದಲ್ಲಿ ಅಂಥದೊಂದು ಗಾದೆ ಬಳಸಿದರು. ದೂರು ದಾಖಲಾಯಿತು, ಅವರು ವಿಡಿಯೋ ತೆಗೆದು ಕ್ಷಮೆ ಕೇಳಿದರು, ಹೈಕೋರ್ಟು ಎಫ್‌ಐಆರ್‌ಗೆ ಮಧ್ಯಂತರ ತಡೆ ಕೊಟ್ಟಿತು. ಕೇಸಿನ ತೀರ್ಮಾನ ನನ್ನ ವಿಷಯವಲ್ಲ. 'ಅದು ಬರೀ ಗಾದೆ, ಉದ್ದೇಶ ಇರಲಿಲ್ಲ' ಎಂದು ಆಗ ಹಲವರು ವಾದಿಸಿದರು. ಇದ್ದಿರಲಾರದು, ನಮ್ಮ ಮಿತ್ರರಿಗೂ ಇರಲಿಲ್ಲ. ಉದ್ದೇಶವೇ ಇಲ್ಲದೆ ಅಷ್ಟು ಸರಾಗವಾಗಿ ಬಂದದ್ದೇ ನನಗೆ ಭಯ ಹುಟ್ಟಿಸುತ್ತದೆ.

ಯಾರು ಯಾರನ್ನು ಬೈಯಬಹುದು ಎಂಬ ವಿವೇಕ ನಮ್ಮ ನೆಲದಲ್ಲಿ ಇರಲೇ ಇಲ್ಲ ಅನ್ನುವಂತಿಲ್ಲ. ಕೊಡಗಿನ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು ಮೊದಲಾದ ಕಾಡಿನ ಜನ ವೇಷ ಹಾಕಿ, ಡಬ್ಬ ಬಡಿಯುತ್ತಾ, ಎದುರಿಗೆ ಸಿಕ್ಕವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ಕೊನೆಗೆ ಬೈಗುಳ ದೇವರಿಗೇ. ತಮ್ಮನ್ನು ಕಾಡಿಗೆ ಕರೆತಂದು ನಡುವೆ ಕೈಬಿಟ್ಟನೆಂಬ ಸಿಟ್ಟು. ವರ್ಷವೆಲ್ಲ ಕೂಲಿಗೆ ಬಗ್ಗುವವರು ಒಂದು ದಿನ ಬಾಯಿ ಬಿಡುವುದನ್ನು ಊರೇ ನಿಂತು ಕೇಳಿಸಿಕೊಳ್ಳುತ್ತದೆ.

ಸಾಕವ್ವನ ಬೈಗುಳವೂ ಆ ಜಾತಿಯದೇ. ಅವಳ ಬಳಿ ಪೊಲೀಸಿಲ್ಲ, ಕಾಗದಪತ್ರವಿಲ್ಲ. ಹುಂಜ ಹೋದರೆ ಬಾಯಿ ಒಂದೇ ಆಯುಧ. ಅದೇ ಮನೆಯವರು ರಾತ್ರಿ ಸಾಹುಕಾರನ ಕಡಲೆಕಾಯಿ ತಿನ್ನುವ ಸಂತೋಷ, ಮರುದಿನ ಪೊಲೀಸರು ನುಗ್ಗುವ ದಿಗಿಲು, ಎಲ್ಲದಕ್ಕೂ ಶ್ರುತಿ ಹಿಡಿಯುವುದು ಅವಳ ಬಾಯಿಯೇ. ಬೈಗುಳ ತೆಗೆದು ಓದಿದಾಗ ಕೇಳುಗರಿಗೆ ಸಿಕ್ಕವಳು ಕೋಳಿ ಕಳೆದುಕೊಂಡ ಒಬ್ಬ ಪಾಪದ ಅಜ್ಜಿ. ಮಹಾದೇವರು ಬರೆದದ್ದು ಅವಳನ್ನಲ್ಲ. ಅವರ ಸಾಕವ್ವ ಯಾರ ಕನಿಕರಕ್ಕೂ ಕಾಯುವವಳಲ್ಲ.

ಮಕ್ಕಳ ಕಿವಿಯ ಗತಿಯೇನು ಎಂದು ಸಂಪಾದಕರು ಕೇಳಬಹುದು, ನ್ಯಾಯವೇ. ಟೆಡ್ ಡಾವ್ ಅವರ 'ಇನ್‌ಟು ದ ರಿವರ್' ಕಾದಂಬರಿ ನೆನಪಿಸಿಕೊಳ್ಳಿ. 2013ರಲ್ಲಿ ಈ ದೇಶದ ಮಕ್ಕಳ ಪುಸ್ತಕ ಪ್ರಶಸ್ತಿ ಪಡೆದದ್ದು. ಅದರ ಲೈಂಗಿಕ ವಿವರ, ಒರಟು ಭಾಷೆಯ ಬಗ್ಗೆ ದೂರೆದ್ದು 2015ರ ಸೆಪ್ಟೆಂಬರ್‌ನಲ್ಲಿ ಮಾರುವುದಿರಲಿ, ಗ್ರಂಥಾಲಯದಿಂದ ಎರವಲು ಕೊಡುವುದಕ್ಕೂ ತಡೆ ಬಂತು. ಅಕ್ಟೋಬರ್‌ನಲ್ಲಿ ತೆರವಾಯಿತು. ಆಕ್ಲೆಂಡಿನ ವಸತಿಶಾಲೆಗೆ ಬಂದ ಮಾವೋರಿ ಹುಡುಗ ಅಲ್ಲಿ ಎದುರಿಸುವ ಜನಾಂಗಭೇದ ಆ ಪುಸ್ತಕದ ವಸ್ತು. ಕೆಟ್ಟ ಮಾತು ಎಣಿಸಿದವರಿಗೆ ಅದು ಕಾಣದೇ ಹೋಯಿತು.

ಮುಂದಿನ ಭೇಟಿಯ ಆಹ್ವಾನದಲ್ಲಿ 'ಈ ಓದಿನಲ್ಲಿ ಬೈಗುಳಗಳಿವೆ' ಎಂದು ಒಂದು ಸಾಲು ಹಾಕಿ, ಕರೆತರುವುದು ಬಿಡುವುದು ಹೆತ್ತವರಿಗೆ ಬಿಟ್ಟದ್ದು. ಅದೇ ಪುಟಗಳನ್ನು ಕೆಮ್ಮದೆ ಮತ್ತೊಮ್ಮೆ ಓದಲು ನನಗೆ ಹದಿನೈದು ನಿಮಿಷ ಕೊಡಿ. ಮಗಳು ಮುಂದಿನ ಸಾಲಿನಲ್ಲೇ ಕೂರುತ್ತೇನೆ ಎಂದಿದ್ದಾಳೆ. ಆಮೇಲೆ ಊಟಕ್ಕೆ ಕೂತಾಗ ಯಾರಾದರೂ ಅಂಥ ಗಾದೆ ತೆಗೆದರೆ ನಾನು ನಗುವುದಿಲ್ಲ. ಯಾಕೆ ನಗಲಿಲ್ಲ ಎಂದೂ ಅಲ್ಲೇ ಹೇಳುತ್ತೇನೆ. ನನ್ನ ಬಾಯಿಂದಲೇ ಬಂದರೆ, ದಯವಿಟ್ಟು ನೀವು ಕೆಮ್ಮಿ.