ಕೊಸರಿನ ಲೆಕ್ಕ

ನಮ್ಮ ಬೀದಿಗೆ ಬರುವ ತರಕಾರಿಯಜ್ಜಿ ವ್ಯಾಪಾರಶಾಸ್ತ್ರ ಓದಿದವಳಲ್ಲ. ಅವಳಿಗೆ ಸಹಿ ಹಾಕುವುದೂ ಬಾರದು. ಆದರೆ ಹುರುಳಿಕಾಯಿಯನ್ನು ತೂಗಿ ನನ್ನ ಚೀಲಕ್ಕೆ ಸುರಿದ ಮೇಲೆ ಒಂದು ಕ್ಷಣ ನನ್ನ ಮುಖ ನೋಡುತ್ತಾಳೆ. ನಾನು ಬಾಯಿ ತೆರೆಯುವ ಮೊದಲೇ ನಾಲ್ಕು ಕಾಯಿ ಎತ್ತಿ, "ತಗಳ್ಳಿ ಮೇಡಮ್ಮೋರೆ, ಕೊಸರು" ಎಂದು ಹಾಕಿಬಿಡುತ್ತಾಳೆ. ಜೊತೆಗೆ ಒಂದೆಸಳು ಕರಿಬೇವು. ಆ ನಾಲ್ಕು ಕಾಯಿಯ ಬೆಲೆ ಎಷ್ಟಿದ್ದೀತು? ಅದಕ್ಕಾಗಿ ನಾನು ಹತ್ತು ವರ್ಷದಿಂದ ಬೇರೆಯವರ ಹತ್ತಿರ ತರಕಾರಿ ಕೊಂಡಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಲಕ್ಷಾಂತರ ಸಂಬಳ ಕೊಟ್ಟು ಜಾಣರನ್ನು ಇಟ್ಟುಕೊಂಡು ಕಲಿಯುವ ಪಾಠವನ್ನು ಈ ಅಜ್ಜಿ ತನ್ನ ಅವ್ವನಿಂದ ಪುಕ್ಕಟೆಯಾಗಿ ಕಲಿತಿದ್ದಾಳೆ.

ನಾನು ಕನ್ನಡ ಮತ್ತು ಸಮಾಜ ಪಾಠ ಮಾಡುವ ಮೇಡಂ. ಪದ್ಯದ ಭಾವಾರ್ಥ ಬಿಡಿಸಿ ಬಿಡಿಸಿ ಒಂದು ದುರಭ್ಯಾಸ ಅಂಟಿಕೊಂಡಿದೆ. ಯಾರು ಏನು ಹೇಳಿದರೂ 'ಇದರ ಒಳಾರ್ಥವೇನು' ಎಂದು ಹುಡುಕುವುದು. ಕೆಲವು ವರ್ಷಗಳಿಂದ ಈ ಚಾಳಿ ಅಂಗಡಿಗೂ ಹಬ್ಬಿದೆ. ಚಪ್ಪಲಿ ಅಂಗಡಿಯಲ್ಲಿ ಬಾಟಾದವರ ಬೆಲೆಚೀಟಿ ನೆನಪಿದೆಯಲ್ಲವೇ? ನೂರು ರೂಪಾಯಿ ಎನ್ನದೆ 99 ರೂಪಾಯಿ 95 ಪೈಸೆ ಎಂದು ಬರೆಯುತ್ತಿದ್ದರು. ಆ ಐದು ಪೈಸೆಯನ್ನು ಯಾವ ಗಿರಾಕಿಯೂ ಕೇಳಿ ಪಡೆದದ್ದನ್ನು ನಾನು ಕಾಣೆ. ಆದರೂ ಮನೆಗೆ ಬಂದು ಯಜಮಾನರಿಗೆ "ತೊಂಬತ್ತೊಂಬತ್ತೇ ರೂಪಾಯಿ" ಎಂದು ಹೇಳುವಾಗ ನಮಗೇ ಏನೋ ಗೆದ್ದ ಹಿಗ್ಗು. ಸೀರೆ ಅಂಗಡಿಯವನು ಮೊದಲು ಕಾಫಿ ತರಿಸುತ್ತಾನೆ. ಆಮೇಲೆ ಬೇಡವೆಂದರೂ ಇಪ್ಪತ್ತು ಸೀರೆ ಬಿಡಿಸಿ ಹಾಸುತ್ತಾನೆ. ಕುಡಿದ ಕಾಫಿ ಮತ್ತು ಎದುರಿಗೆ ಬಿದ್ದ ಸೀರೆಯ ರಾಶಿ, ಇವೆರಡರ ಸಂಕೋಚವೇ ನಮ್ಮ ಕೈಯಿಂದ ಹಣ ಕೊಡಿಸುತ್ತದೆ. ಇವೆಲ್ಲ ಸಣ್ಣ ಪುಟ್ಟ ಚಮತ್ಕಾರಗಳು. ಗೊತ್ತಿದ್ದೂ ಸೋಲುತ್ತೇವೆ, ಸೋತು ನಗುತ್ತೇವೆ.

ನನಗೆ ವಿಮರ್ಶೆಗೆ ಯೋಗ್ಯವೆನಿಸಿದ ಮೊದಲ ಜಾಹೀರಾತು ಸೋಪಿನ ಪುಡಿಯದು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಾನು ಕಾಲೇಜಿನಲ್ಲಿದ್ದೆ. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಟೀವಿಯ ಮುಂದೆ ಬೀದಿಯೇ ನೆರೆಯುತ್ತಿತ್ತು. ಆ ದಿನಗಳ ಟೀವಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ನಮಗೆಲ್ಲ ಚಿರಪರಿಚಿತರಾದರು. ಒಬ್ಬಳು ನಿರ್ಮಾ ಪೊಟ್ಟಣದ ಮೇಲಿನ ಬಿಳಿ ಫ್ರಾಕಿನ ಹುಡುಗಿ. ಇನ್ನೊಬ್ಬರು ಸರ್ಫ್‌ನ ಲಲಿತಾಜಿ. ನೀಲಿ ಅಂಚಿನ ಬಿಳಿ ಸೀರೆ ಉಟ್ಟು ಚೌಕಾಶಿ ಮಾಡಿ ತರಕಾರಿ ಕೊಳ್ಳುವ ಆ ಗೃಹಿಣಿಯ ಪಾತ್ರ ಮಾಡಿದವರು ಕವಿತಾ ಚೌಧರಿ. ಅದನ್ನು ರೂಪಿಸಿದವರು ಲಿಂಟಾಸ್ ಸಂಸ್ಥೆಯ ಅಲಿಕ್ ಪದಮ್‌ಸೀ.

ಈ ಇಬ್ಬರ ಜಗಳದ ಮೂಲ ತಿಳಿಯದೆ ಆ ಜಾಹೀರಾತಿನ ಅರ್ಥವಾಗದು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲ್ ಎಂಬುವರು ಮನೆಯಲ್ಲೇ ಪುಡಿ ಕಲಸಿ, ಸೈಕಲ್ಲಿನ ಮೇಲೆ ಮನೆ ಮನೆಗೆ ಹೋಗಿ ಮಾರತೊಡಗಿದರು. ಪುಡಿಗೆ ಮಗಳು ನಿರುಪಮಾಳ ನೆನಪಿನ ಹೆಸರು. ಸರ್ಫ್ ಕಿಲೋಗೆ ಸುಮಾರು 13 ರೂಪಾಯಿ ಇದ್ದ ಕಾಲದಲ್ಲಿ ಇದು ಮೂರೂವರೆ ರೂಪಾಯಿ. ಬಾರ್ ಸೋಪು ಉಜ್ಜುತ್ತಿದ್ದ ಕೋಟ್ಯಂತರ ಮನೆಗಳು ಮೊದಲ ಬಾರಿಗೆ ಪುಡಿಯ ನೊರೆ ಕಂಡವು. ಬೆಲೆಯಲ್ಲಿ ಗೆಲ್ಲಲಾರದ ಸರ್ಫ್ ಆಗ ಲಲಿತಾಜಿಯನ್ನು ಕಳಿಸಿತು. ಅಗ್ಗದ ವಸ್ತು ಬೇರೆ, ಒಳ್ಳೆಯ ವಸ್ತು ಬೇರೆ ಎಂದು ಆಕೆ ನಮಗೆ ತಿಳಿಹೇಳಿದರು. ಅರ್ಧ ಕಿಲೋ ಸರ್ಫ್, ಒಂದು ಕಿಲೋ ಸಾದಾ ಪುಡಿಗೆ ಸಮ ಎಂಬ ಲೆಕ್ಕವನ್ನೂ ಒಪ್ಪಿಸಿದರು.

ವಿಮರ್ಶಕಿಯಾಗಿ ಹೇಳುವುದಾದರೆ ಲಲಿತಾಜಿ ಬಹಳ ಗಟ್ಟಿಯಾದ ಪಾತ್ರ. ಅದುವರೆಗೆ ಜಾಹೀರಾತಿನ ಹೆಂಗಸರು ಸುಮ್ಮನೆ ನಗುತ್ತಿದ್ದರು. ಈಕೆ ನಗದೆ ಲೆಕ್ಕ ಹೇಳಿದರು. ನಮ್ಮ ಅಮ್ಮ ಹಿಂದಿ ಬಾರದಿದ್ದರೂ, "ಇವಳು ಸಂಸಾರಸ್ಥೆ ಕಣೇ" ಎಂದು ಒಪ್ಪಿಕೊಂಡಿದ್ದರು. ಆದರೆ ಒಳಾರ್ಥ ನೋಡಿ. ಅಗ್ಗದ್ದನ್ನು ಕೊಳ್ಳುವವಳು ಬಡವಿ ಎನ್ನಲಿಲ್ಲ, ಬುದ್ಧಿ ಸಾಲದವಳು ಎಂದರು. ಇದು ನಯವಾದ ಬೈಗುಳ. ತಮಾಷೆಯೆಂದರೆ, ಅದೇ ಹಿಂದೂಸ್ತಾನ್ ಲಿವರ್ ಕಂಪನಿ 1980ರ ದಶಕದ ಕೊನೆಯಲ್ಲಿ ವ್ಹೀಲ್ ಎಂಬ ಅಗ್ಗದ ಪುಡಿಯನ್ನೂ ಪೇಟೆಗೆ ಬಿಟ್ಟಿತು. ಒಂದು ಬಾಯಲ್ಲಿ ಅಗ್ಗ ಬೇಡವೆಂದು ಬುದ್ಧಿ ಹೇಳಿ, ಇನ್ನೊಂದು ಕೈಯಲ್ಲಿ ಅಗ್ಗವನ್ನೇ ಮಾರಿತು. ಇದನ್ನು ತಪ್ಪೆನ್ನಲಾರೆ. ಆದರೆ ಅಂದಿನಿಂದ ಕಂಪನಿಗಳು ನೀತಿ ಹೇಳಿದಾಗ ನಾನು ಅವರ ಇನ್ನೊಂದು ಕೈಯನ್ನು ನೋಡುತ್ತೇನೆ.

ಲಲಿತಾಜಿಯನ್ನು ಇಷ್ಟು ಟೀಕಿಸುವ ನಾನು ಒಂದು ದಿನ ತರಗತಿಯಲ್ಲಿ ಲಲಿತಾಜಿಯೇ ಆಗಿಬಿಟ್ಟೆ. ಆ ಕಥೆ ಹೇಳದೆ ಈ ಪ್ರಬಂಧ ಮುಗಿಸಿದರೆ ಆತ್ಮವಂಚನೆಯಾದೀತು.

ಅದಕ್ಕೆ ಮೊದಲು ಶಾಂಪೂವಿನ ಪೊಟ್ಟಣದ ಮಾತು. ನಾವು ಚಿಕ್ಕವರಿದ್ದಾಗ ತಲೆಗೆ ಸೀಗೆಕಾಯಿ, ಇಲ್ಲದಿದ್ದರೆ ಅಂಟುವಾಳ. ಶಾಂಪೂ ಎಂದರೆ ಬಾಟಲಿ, ಬಾಟಲಿ ಎಂದರೆ ಡಾಕ್ಟರ ಹೆಂಡತಿಯ ಮನೆ. ಆ ಬಾಟಲಿಯನ್ನು ಒಡೆದು ಹನಿ ಹನಿಯಾಗಿ ಹಂಚಿದವರು ನಮ್ಮ ನೆರೆಯ ತಮಿಳುನಾಡಿನ ಕಡಲೂರಿನವರು. ಚಿನ್ನಿಕೃಷ್ಣನ್ ಎಂಬುವರಿಗೆ, ಶ್ರೀಮಂತರು ಬಳಸುವುದನ್ನು ಕೂಲಿಯವರೂ ಬಳಸುವಂತಾಗಬೇಕು ಎಂಬ ಹುಚ್ಚು. ಅದಕ್ಕೆ ಸಣ್ಣ ಪೊಟ್ಟಣವೇ ದಾರಿ ಎಂದು ಕಂಡುಕೊಂಡರು. ಅವರ ನಂತರ ಮಕ್ಕಳು ವೆಲ್ವೆಟ್ ಶಾಂಪೂ ಪೊಟ್ಟಣ ತಂದರು. ಅವರಲ್ಲಿ ಒಬ್ಬರಾದ ಸಿ.ಕೆ. ರಂಗನಾಥನ್ 1983ರಲ್ಲಿ ಮನೆಯ ವ್ಯಾಪಾರದಿಂದ ಹೊರಬಂದು, 15,000 ರೂಪಾಯಿ ಬಂಡವಾಳದಲ್ಲಿ ತಂದೆಯ ಹೆಸರನ್ನೇ ನೆನೆದು 'ಚಿಕ್' ಶಾಂಪೂ ಆರಂಭಿಸಿದರು. ಇಂದಿನ ಕೆವಿನ್‌ಕೇರ್ ಕಂಪನಿ ಬೆಳೆದದ್ದು ಹೀಗೆ.

ಅವರ ಉಪಾಯಗಳನ್ನು ಕೇಳಿದರೆ ತರಕಾರಿಯಜ್ಜಿಯ ನೆನಪಾಗುತ್ತದೆ. ಹಳ್ಳಿಗೆ ಹೋಗಿ, ಶಾಲೆಯ ಹುಡುಗನೊಬ್ಬನನ್ನು ಎಲ್ಲರೆದುರು ಕೂರಿಸಿ, ತಲೆ ತೊಳೆದು, ಕೂದಲು ಮುಟ್ಟಿ ನೋಡಿ ಎನ್ನುತ್ತಿದ್ದರಂತೆ. ಇನ್ನೊಂದು ಉಪಾಯ ಇದಕ್ಕಿಂತ ಚುರುಕಿನದು. ಯಾವ ಕಂಪನಿಯ ಶಾಂಪೂವಿನದಾದರೂ ಸರಿ, ಖಾಲಿ ಪೊಟ್ಟಣಗಳನ್ನು ಕೂಡಿಸಿ ತಂದರೆ ಒಂದು ಚಿಕ್ ಪೊಟ್ಟಣ ಪುಕ್ಕಟೆ. ಜನ ರುಚಿ ಹಿಡಿದ ಮೇಲೆ ನಿಯಮ ಬದಲಾಯಿತು. ಇನ್ನು ಮುಂದೆ ಚಿಕ್‌ನದೇ ಖಾಲಿ ಪೊಟ್ಟಣ ತಂದರೆ ಮಾತ್ರ ಕೊಸರು! ನೋಡಿ, ಎದುರಾಳಿಯ ಮನೆಯ ಗಿರಾಕಿಯನ್ನು ಎದುರಾಳಿಯ ಕಸದಿಂದಲೇ ಗುರುತಿಸಿ ಕರೆತಂದ ಬುದ್ಧಿ. 1999ರಲ್ಲಿ ಐವತ್ತು ಪೈಸೆಯ ಪೊಟ್ಟಣವೂ ಬಂತು.

ಈಗ ತರಗತಿಯ ಕಥೆ. ಎರಡು ವರ್ಷದ ಹಿಂದೆ ಗಣಿತದ ಮೇಷ್ಟ್ರು ರಜೆಯಲ್ಲಿದ್ದರು. ಏಳನೇ ತರಗತಿಗೆ ನನ್ನನ್ನು ಕಳಿಸಿದರು. ಏಕಮಾನ ಪದ್ಧತಿಯ ಪಾಠ. ಬರೀ ಪೆನ್ನು ಪೆನ್ಸಿಲ್ಲಿನ ಲೆಕ್ಕವೇಕೆಂದು, ಮನೆಯಲ್ಲಿರುವ ಪೊಟ್ಟಣ, ಡಬ್ಬಿಗಳ ಮೇಲಿನ ಬೆಲೆ ತೂಕ ಬರೆದುಕೊಂಡು ಬನ್ನಿ ಎಂದೆ. ಹೇಳುತ್ತಾ ಹೇಳುತ್ತಾ ಉಪದೇಶಕ್ಕೆ ಇಳಿದೆ. "ಸಣ್ಣ ಪೊಟ್ಟಣ ಯಾವಾಗಲೂ ದುಬಾರಿ. ಒಂದೊಂದು ರೂಪಾಯಿಯದು ತಂದು ತಂದು ಜನ ಹಾಳಾಗುತ್ತಾರೆ. ದೊಡ್ಡದು ತಂದರೆ ಉಳಿತಾಯ. ಮನೆಯಲ್ಲಿ ನಿಮ್ಮ ಅಮ್ಮಂದಿರಿಗೂ ಸ್ವಲ್ಪ ಹೇಳಿ" ಎಂದುಬಿಟ್ಟೆ.

ಮರುದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ತಾಯಿ ಕೊಬ್ಬರಿ ಮಂಡಿಯಲ್ಲಿ ದಿನಗೂಲಿ. ಹುಡುಗಿ ಮಾತು ಕಡಿಮೆ. "ಮಿಸ್, ನನ್ನ ಲೆಕ್ಕ ಬೇರೆ ಬಂದಿದೆ" ಎಂದಳು. ಕರಿಹಲಗೆಯ ಮೇಲೆ ಬರೆಸಿದೆ. ಒಂದೇ ಕಂಪನಿಯ, ಒಂದೇ ಶಾಂಪೂ. 1 ರೂಪಾಯಿಯ ಪೊಟ್ಟಣದಲ್ಲಿ 5 ಮಿಲಿಲೀಟರ್, ಅಂದರೆ ಮಿಲಿಗೆ 20 ಪೈಸೆ. ಅಂಗಡಿಯಲ್ಲಿ ನೋಡಿಕೊಂಡು ಬಂದಿದ್ದ ಬಾಟಲಿ 180 ಮಿಲಿ, 135 ರೂಪಾಯಿ. ಮಿಲಿಗೆ 75 ಪೈಸೆ. ಬಾಟಲಿಯಷ್ಟೇ ಶಾಂಪೂವನ್ನು 36 ಪೊಟ್ಟಣದಲ್ಲಿ ಕೊಂಡರೆ 36 ರೂಪಾಯಿ. ಉಳಿತಾಯ 99 ರೂಪಾಯಿ.

ನಾನು ಎರಡು ಸಲ ಗುಣಿಸಿ ನೋಡಿದೆ. ಲೆಕ್ಕ ಸರಿಯಿತ್ತು. ಹುಡುಗಿ ತಲೆ ತಗ್ಗಿಸಿಯೇ, "ನಮ್ಮಮ್ಮ ಹಾಳು ಮಾಡಲ್ಲ ಮಿಸ್" ಎಂದಳು. ತರಗತಿ ನಿಶ್ಶಬ್ದವಾಯಿತು. ನಮ್ಮ ಸ್ನಾನದ ಮನೆಯಲ್ಲಿ ಅಂಥದೇ ಬಾಟಲಿ ಇತ್ತು. ಮೂವತ್ತು ವರ್ಷ ಮೇಷ್ಟರಿಕೆ ಮಾಡಿದ ನಾನು ಒಂದು ದಿನವೂ ಆ ಭಾಗಾಕಾರ ಮಾಡಿರಲಿಲ್ಲ.

"ನಿನ್ನ ಲೆಕ್ಕ ಸರಿ. ನಿನ್ನೆ ನಾನು ಹೇಳಿದ್ದು ತಪ್ಪು. ನಿಮ್ಮ ಅಮ್ಮನಿಗೆ ಹೇಳು" ಎಂದೆ. ಹೇಳುವಾಗ ಗಂಟಲು ಒಣಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನನ್ನ ಮಾನ ಹೋದದ್ದು ಒಂದು ರೂಪಾಯಿಯ ಪೊಟ್ಟಣಕ್ಕೆ. ಆದರೆ ಹೋದದ್ದು ನನ್ನದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ನಲವತ್ತು ಮಕ್ಕಳ ಮುಂದೆ ಅವರ ತಾಯಂದಿರ ಬುದ್ಧಿಯನ್ನು ಹೀಗಳೆದಿದ್ದೆನಲ್ಲ, ಅದು ನುಂಗಲಾರದ ತುತ್ತಾಯಿತು.

ಯಾಕೆ ಹೀಗೆ ಎಂದು ಬಹಳ ದಿನ ಯೋಚಿಸಿದೆ. ನನಗೆ ಹೊಳೆದದ್ದು ಇಷ್ಟು. ಒಂದು ರೂಪಾಯಿ ಹಿಡಿದು ಬರುವವಳ ಮುಂದೆ ಅಂಗಡಿಯ ದಾರಕ್ಕೆ ಹತ್ತು ಬಗೆಯ ಪೊಟ್ಟಣ ತೂಗುತ್ತಿರುತ್ತದೆ. ಒಂದು ಹನಿ ಕಡಿಮೆಯಾದರೂ, ನೊರೆ ಸಾಲದಿದ್ದರೂ ಅವಳು ನಾಳೆ ಬೇರೆಯದನ್ನು ಹರಿದುಕೊಳ್ಳುತ್ತಾಳೆ. ಅವಳು ದಿನಾ ಮತ ಹಾಕುವ ಮತದಾರಳು. ಬಾಟಲಿ ಕೊಳ್ಳುವ ನಾನಾದರೋ ಮೂರು ತಿಂಗಳಿಗೊಮ್ಮೆ ಲೆಕ್ಕ ನೋಡದೆ ಬುಟ್ಟಿಗೆ ಹಾಕುವವಳು. ಕಂಪನಿಯವರು ಹೆದರುವುದು ಅವಳ ಲೆಕ್ಕಕ್ಕೆ, ನನ್ನ ಬಿ.ಎ., ಬಿ.ಎಡ್.ಗಲ್ಲ.

ಹಾಗೆಂದು ಸಣ್ಣದೆಲ್ಲ ಅಗ್ಗ ಎಂದು ಹೊಸ ಉಪದೇಶ ಶುರುಮಾಡಬೇಡಿ. ಅದೇ ತರಗತಿಯಲ್ಲಿ ಅರಿಶಿನ ಪುಡಿ, ಕಾಫಿ ಪುಡಿಯ ಲೆಕ್ಕ ಮಾಡಿದಾಗ ಸಣ್ಣ ಪೊಟ್ಟಣವೇ ದುಬಾರಿ ಬಂತು. ಬಿಸ್ಕತ್ತಿನದು ಇನ್ನೊಂದು ಕಥೆ. ಐದು ರೂಪಾಯಿಯ ಪೊಟ್ಟಣ ಐದು ರೂಪಾಯಿಯಾಗಿಯೇ ಉಳಿದು, ಒಳಗಿನ ಬಿಸ್ಕತ್ತು ಮಾತ್ರ ವರ್ಷ ವರ್ಷಕ್ಕೆ ತೆಳ್ಳಗಾಗುತ್ತದೆ. ಬೆಲೆ ಏರಿದರೆ ಗಿರಾಕಿ ಕೂಗುತ್ತಾಳೆ, ತೂಕ ಇಳಿದರೆ ಸುಮ್ಮನಿರುತ್ತಾಳೆ ಎಂಬುದು ಅವರಿಗೆ ಗೊತ್ತು. ಪೊಟ್ಟಣದ ಮೇಲೆ ಗರಿಷ್ಠ ಬೆಲೆ, ನಿವ್ವಳ ತೂಕ ಅಚ್ಚಾಗಿರಬೇಕೆಂದು ಕಾನೂನಿದೆ. ಈಚೆಗೆ ಗ್ರಾಮಿಗೆ, ಮಿಲಿಗೆ ಎಷ್ಟು ಎಂಬ ದರವೂ ಅನೇಕ ವಸ್ತುಗಳ ಮೇಲೆ ಬರುತ್ತಿದೆ. ಅಕ್ಷರ ಇರುವೆಯಷ್ಟಿದ್ದರೂ ಇದೆ. ಕನ್ನಡಕ ಮರೆಯದೆ ಒಯ್ಯುವುದು ನಮ್ಮ ಕೆಲಸ.

ಇಷ್ಟಾದರೂ ನನ್ನ ವಿಮರ್ಶೆ ಪೂರ್ತಿಯಾಗಲಿಲ್ಲ. ಕಳೆದ ಮಳೆಗಾಲದಲ್ಲಿ ಶಾಲೆಯ ಪಕ್ಕದ ಚರಂಡಿ ಕಟ್ಟಿ ನೀರು ಅಂಗಳಕ್ಕೆ ನುಗ್ಗಿತು. ಪುರಸಭೆಯ ಪೌರಕಾರ್ಮಿಕರು ಬಂದು ಕೋಲಿನಿಂದ ಕೆದಕಿ ತೆಗೆದರು. ಹಸಿರು, ಕೆಂಪು, ನೀಲಿ, ಬೊಗಸೆಗಟ್ಟಲೆ ಪೊಟ್ಟಣಗಳು. ಪ್ಲಾಸ್ಟಿಕ್ಕು, ಲೋಹದ ತೆಳು ಹಾಳೆ ಹೀಗೆ ಹಲವು ಪದರ ಅಂಟಿಸಿ ಮಾಡಿದ ಈ ಪೊಟ್ಟಣವನ್ನು ಮರುಬಳಕೆ ಮಾಡುವುದು ಬಲು ಕಷ್ಟ. ಆದ್ದರಿಂದ ಗುಜರಿಯವನೂ ಕೊಳ್ಳುವುದಿಲ್ಲ. ನನ್ನ ಬಾಟಲಿಯನ್ನಾದರೆ ಕೊಳ್ಳುತ್ತಾನೆ. ಕೂಲಿಯವಳು 99 ರೂಪಾಯಿ ಉಳಿಸಿದಳು, ಕಂಪನಿ ಲಾಭ ಮಾಡಿತು, ಲೆಕ್ಕಕ್ಕೆ ಬಾರದ ಬಾಕಿಯನ್ನು ಚರಂಡಿಯಲ್ಲಿ ಕೈಯಿಟ್ಟವನು ತೀರಿಸಿದ.

ಆಗ ನನಗೆ ಆ ಹಳೆಯ ಉಪಾಯ ನೆನಪಾಯಿತು. ಖಾಲಿ ಪೊಟ್ಟಣ ತಂದರೆ ತುಂಬಿದ್ದು ಕೊಡುವುದು. ಅಂದು ಅದು ಗಿರಾಕಿಯನ್ನು ಸೆಳೆಯುವ ತಂತ್ರ. ಕಸದ ಚಿಂತೆ ಅದರಲ್ಲಿರಲಿಲ್ಲ. ಆದರೆ ಆ ಯೋಜನೆ ನಡೆದಷ್ಟು ಕಾಲ ಆ ಊರುಗಳ ಮಕ್ಕಳು ಬೀದಿಯ ಪೊಟ್ಟಣವನ್ನೆಲ್ಲ ಆಯ್ದು ಅಂಗಡಿಗೆ ಒಯ್ದಿರಬೇಕು. ಅಷ್ಟು ಜಾಣರಾದ ವ್ಯಾಪಾರಿಗಳು ಇಂದು ಅದನ್ನೇ ಮತ್ತೆ ಮಾಡಲಾರರೇ? ಹತ್ತು ಖಾಲಿ ಪೊಟ್ಟಣಕ್ಕೆ ಒಂದು ಕೊಸರು. ಮಾರುವುದಕ್ಕೆ ಹೊಳೆದ ಬುದ್ಧಿ ಬಳಿಯುವುದಕ್ಕೂ ಹೊಳೆಯಲಿ ಎಂದರೆ ಅತಿಯಾಸೆಯೇ?

ನಾನು ಈಗಲೂ ಬಾಟಲಿಯನ್ನೇ ತರುತ್ತೇನೆ, ಚರಂಡಿಯ ನೆನಪಿನಿಂದ. ಆದರೆ ಅದನ್ನು ಉಳಿತಾಯ ಎನ್ನುವುದಿಲ್ಲ, ಯಾರಿಗೂ ಬುದ್ಧಿ ಹೇಳುವುದಿಲ್ಲ. ಹೆಚ್ಚು ಕೊಡುವ ಅನುಕೂಲ ನನಗಿದೆ, ಅಷ್ಟೇ. ಮೊನ್ನೆ ತರಕಾರಿಯಜ್ಜಿಗೆ ಈ ಕಥೆಯನ್ನೆಲ್ಲ ಹೇಳಿ, "ನೀನು ಕೊಸರು ಹಾಕಿ ನನ್ನನ್ನು ಮರುಳು ಮಾಡ್ತೀಯ ಅಲ್ವೇನಜ್ಜಿ?" ಎಂದು ಕೇಳಿದೆ. ಅಜ್ಜಿ ಎಲೆಯಡಿಕೆ ಬಾಯಿಯಲ್ಲೇ ನಕ್ಕಳು. "ಹೂಂ ಮತ್ತೆ. ನಿಮ್ಮ ಕಣ್ಣೆದುರಿಗೇ ತಾನೇ ಹಾಕೋದು" ಎಂದು, ಎರಡು ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿ ಬುಟ್ಟಿ ಎತ್ತಿಕೊಂಡಳು.