‘ನ್ಯಾಯ ವ್ಯಾಪಾರ’ ಶಾಸನಗಳು: ಒಂದು ವಿಮರ್ಶೆ

‘ನ್ಯಾಯಬೆಲೆ’ ಎಂದೊಡನೆ ಕನ್ನಡಿಗನಿಗೆ ನೆನಪಾಗುವುದು ಬಡವನಿಗೆ ಅಕ್ಕಿ ಅಗ್ಗವಾಗಿ ದೊರೆಯುವ ಅಂಗಡಿ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ‘ನ್ಯಾಯ ವ್ಯಾಪಾರ’ವೆಂಬ ಹೆಸರಿನಿಂದ ಹೊರಟ ಶಾಸನಗಳ ಪರಿಣಾಮವಾದರೋ ಇದಕ್ಕೆ ತೀರ ವಿರುದ್ಧವಾದುದು. ಅಗ್ಗವಾಗಿ ಮಾರುವುದೇ ಅಲ್ಲಿ ಅನ್ಯಾಯದ ಸ್ಪರ್ಧೆಯೆನಿಸಿತು. ಈ ವೈಪರೀತ್ಯವು ಹೇಗೆ ಒದಗಿತೆಂಬುದು ವಿಚಾರಾರ್ಹವಾಗಿದೆ.

ಏಕಸ್ವಾಮ್ಯವನ್ನು ನಿಗ್ರಹಿಸುವುದರಲ್ಲಿ ಸಂಸ್ಥಾನಗಳು ಕೇಂದ್ರಕ್ಕಿಂತ ಹಿಂದೆ ಬಿದ್ದವುಗಳಲ್ಲ. 1890ರ ಷರ್ಮನ್ ಶಾಸನಕ್ಕೆ ಒಂದು ವರ್ಷ ಮೊದಲೇ ಕಾನ್ಸಾಸ್ ಸಂಸ್ಥಾನವು ತನ್ನ ಶಾಸನವನ್ನು ಮಾಡಿತ್ತು. ತಯಾರಕನು ಕರಾರಿನ ಮೂಲಕ ಚಿಲ್ಲರೆ ಬೆಲೆಯನ್ನು ಕಟ್ಟುಮಾಡುವುದು ಕಾನೂನಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1911ರಲ್ಲಿ, ಡಾಕ್ಟರ್ ಮೈಲ್ಸ್ ಮೊಕದ್ದಮೆಯಲ್ಲಿ, ನಿರ್ಣಯಿಸಿತು. ಆದರೆ ಮುಗ್ಗಟ್ಟಿನ ಕಾಲದಲ್ಲಿ ಸರಪಳಿ ಅಂಗಡಿಗಳ ಸ್ಪರ್ಧೆಯನ್ನು ತಾಳಲಾರದ ಸಣ್ಣ ವ್ಯಾಪಾರಿಗಳು ಶಾಸನಸಭೆಗಳ ಮೊರೆಹೊಕ್ಕರು. 1931ರಲ್ಲಿ ಕ್ಯಾಲಿಫೋರ್ನಿಯಾ ಇಂತಹ ಕರಾರುಗಳಿಗೆ ಅನುಮತಿಯಿತ್ತಿತು. 1933ರ ತಿದ್ದುಪಡಿಯಿಂದ, ಒಬ್ಬ ವ್ಯಾಪಾರಿ ರುಜು ಹಾಕಿದರೆ ಸಾಕು, ಬೆಲೆಯನ್ನು ತಿಳಿದಿದ್ದೂ ರುಜು ಹಾಕದ ಇತರರಿಗೂ ಅದು ಬಂಧಕವಾಯಿತು. ನಮ್ಮಲ್ಲಿ ಸರಕಿನ ಮೇಲೆ ಅಚ್ಚಾಗುವುದು ಗರಿಷ್ಠ ಬೆಲೆ. ಅಲ್ಲಿ ಕಟ್ಟುಮಾಡಿದ್ದು ಕನಿಷ್ಠ ಬೆಲೆ. ಇಲಿನಾಯ್ ಸಂಸ್ಥಾನದ ಇಂತಹುದೇ ಶಾಸನವನ್ನು ನ್ಯಾಯಾಲಯವು 1936ರಲ್ಲಿ ಎತ್ತಿಹಿಡಿಯಿತು. 1937ರಲ್ಲಿ ಕೇಂದ್ರವೂ ವಿನಾಯಿತಿ ನೀಡಿತು.

ಸಮರ್ಥಕರ ವಾದವನ್ನು ತಳ್ಳಿಹಾಕುವಂತಿಲ್ಲ. ದೊಡ್ಡ ಅಂಗಡಿಯವನು ಹೆಸರಾಂತ ಸರಕನ್ನು ನಷ್ಟಕ್ಕೆ ಮಾರಿ, ನೆರೆಯವನು ಬಾಗಿಲು ಮುಚ್ಚಿದ ಮೇಲೆ ಬೆಲೆಯೇರಿಸುವನೆಂಬ ಭಯವು ನಿರಾಧಾರವಲ್ಲ. ಆದರೆ ಆ ರೋಗಕ್ಕೆ ಬೇರೆ ಔಷಧವಿತ್ತು. ಪ್ರತಿಸ್ಪರ್ಧಿಗೆ ಹಾನಿಮಾಡುವ ಉದ್ದೇಶದಿಂದ ಅಸಲಿಗಿಂತ ಕಡಿಮೆಗೆ ಮಾರುವುದನ್ನು ಹಲವು ಸಂಸ್ಥಾನಗಳು ನಿಷೇಧಿಸಿದ್ದವು. ಒಕ್ಲಹೋಮದ ಅಂತಹ ಶಾಸನವನ್ನು ನ್ಯಾಯಾಲಯವು 1959ರಲ್ಲಿ ಮಾನ್ಯಮಾಡಿತು. ಅಲ್ಲಿ ಅಸಲಿನ ವಿಚಾರಣೆಯುಂಟು, ಉದ್ದೇಶದ ವಿಚಾರಣೆಯುಂಟು. ‘ನ್ಯಾಯ ವ್ಯಾಪಾರ’ದಲ್ಲಿ ಇವೆರಡೂ ಇಲ್ಲ. ನ್ಯೂ ಆರ್ಲಿಯನ್ಸಿನ ಷ್ವೆಗ್‌ಮನ್ ಅಂಗಡಿಯವರು 4 ಡಾಲರ್ 24 ಸೆಂಟಿನ ವಿಸ್ಕಿಯನ್ನು 3 ಡಾಲರ್ 35 ಸೆಂಟಿಗೆ ಮಾರಿದಾಗ, ಆ ಹೆಚ್ಚಿನ ಬೆಲೆ ನ್ಯಾಯವೇ ಎಂದು ಶಾಸನವು ಕೇಳಲಿಲ್ಲ. ರುಜು ಹಾಕದವರಿಗೆ ಕೇಂದ್ರದ ವಿನಾಯಿತಿ ಅನ್ವಯಿಸದೆಂದು 1951ರಲ್ಲಿ ಅಂಗಡಿಯವರೇ ಗೆದ್ದರು. ಮರುವರ್ಷವೇ ಕಾಂಗ್ರೆಸ್ ಆ ತೀರ್ಪನ್ನು ಮೀರಿ ಶಾಸನ ಮಾಡಿತು. ಈ ವಿನಾಯಿತಿಗಳು ರದ್ದಾದದ್ದು 1975ರ ಶಾಸನದಿಂದ.

ದೋಷದ ಮೂಲವನ್ನು ಸರಿಯಾಗಿ ಗುರುತಿಸಿದ್ದು ಕ್ಯಾಲಿಫೋರ್ನಿಯಾದ ದ್ರಾಕ್ಷಾಮದ್ಯದ ಬೆಲೆಯನ್ನು ಕುರಿತ 1980ರ ಮಿಡ್‌ಕಾಲ್ ತೀರ್ಪು. ಸ್ಪರ್ಧೆಯನ್ನು ತಡೆಯುವ ನೀತಿಯನ್ನು ಸಂಸ್ಥಾನವು ಸ್ಪಷ್ಟವಾಗಿ ಸಾರಬೇಕು. ಸಾರಿದ ಮೇಲೆ ತಾನೇ ಅದರ ಮೇಲ್ವಿಚಾರಣೆ ನಡೆಸಬೇಕು. ಖಾಸಗಿಯವರು ಬೆಲೆ ಕಟ್ಟುವುದು, ಸರಕಾರವು ದಂಡ ಹಿಡಿದು ಕಾಯುವುದು ಸಲ್ಲದು.

2007ರ ಲೀಜಿನ್ ತೀರ್ಪು 1911ರ ಕಟ್ಟುನಿಟ್ಟಾದ ನಿಷೇಧವನ್ನು ಕೈಬಿಟ್ಟು, ಪ್ರತಿಯೊಂದು ಕರಾರನ್ನೂ ಅದರ ಗುಣದೋಷಗಳಿಂದ ತೂಗಬೇಕೆಂದಿತು. ಒಡನೆಯೇ 2009ರಲ್ಲಿ ಮೇರಿಲ್ಯಾಂಡ್ ಸಂಸ್ಥಾನವು ಕನಿಷ್ಠ ಬೆಲೆಯ ಕರಾರನ್ನು ಪ್ರತಿಬಂಧಿಸಿ ಶಾಸನ ಮಾಡಿತು. ಹಿಂದೆ ಬೆಲೆ ಕಟ್ಟಲು ಬಾಗಿಲು ತೆರೆದ ಸಂಸ್ಥಾನಾಧಿಕಾರವೇ ಇಲ್ಲಿ ಅದನ್ನು ಮುಚ್ಚಿತು. ಆದ್ದರಿಂದ ಗುಣವಾಗಲಿ ದೋಷವಾಗಲಿ ಇರುವುದು ಅಧಿಕಾರದಲ್ಲಲ್ಲ, ಅದನ್ನು ಬಳಸುವ ರೀತಿಯಲ್ಲಿ. ಸಣ್ಣ ವ್ಯಾಪಾರಿಯ ರಕ್ಷಣೆ ಯೋಗ್ಯವಾದ ಧ್ಯೇಯವೇ ಸರಿ. ಆದರೆ ಅದರ ವೆಚ್ಚವನ್ನು ಕೊಳ್ಳುವವನ ಜೇಬಿನಿಂದ ಸದ್ದಿಲ್ಲದೆ ತೆಗೆದು, ಅದಕ್ಕೆ ನ್ಯಾಯವೆಂದು ಹೆಸರಿಡುವ ಶಾಸನವು ಪರೀಕ್ಷೆಯಲ್ಲಿ ನಿಲ್ಲಲಾರದು.