ಮಾತು ಯಾರದು, ಹೆಸರು ಯಾರದು?

ಹಿಪ್‌ಹಾಪ್ ಅಂದರೆ ಗದ್ದಲ, ಬೈಗುಳ ಎಂದು ಮೂಗು ಮುರಿಯುವವರಿಗೆ ಉತ್ತರ ಕೊಡುವ ಉಸಾಬರಿ ನಮಗಿಲ್ಲ. ನಮ್ಮ ತಕರಾರು ಮೆಚ್ಚುವವರ ಜೊತೆಗೆ. ‘ಅಮೆರಿಕದ ಕಪ್ಪು ಜನರ ಆಕ್ರೋಶ’ ಎಂದಷ್ಟೇ ಹೇಳಿ ಅವರು ಕೈ ತೊಳೆದುಕೊಳ್ಳುತ್ತಾರೆ. ಆಕ್ರೋಶ ಇದೆ, ಇಲ್ಲ ಅಂದವರ್ಯಾರು? ಆದರೆ ಬಡವರು ಮಾಡಿದ್ದೆಲ್ಲ ಬರೀ ಕೂಗು, ಕಸುಬಲ್ಲ ಅನ್ನೋದು ಯಾವ ನ್ಯಾಯ?

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆಗೆ ಹೊಸ ಬಟ್ಟೆ ಕೊಳ್ಳುವ ದುಡ್ಡಿಗಾಗಿ ಕುಣಿತದ ಕೂಟ ಇಟ್ಟಳು. ರೆಕಾರ್ಡ್ ಹಾಕಿದವನು ಅವಳಣ್ಣ, ಜಮೈಕಾದಲ್ಲಿ ಹುಟ್ಟಿದ ಡಿಜೆ ಕೂಲ್ ಹರ್ಕ್. ಹಾಡು ನಿಂತು ಬರೀ ಡ್ರಮ್ಮು ಮೊಳಗುವ ತುಣುಕಿಗೇ ಜನ ಕಾಯುತ್ತಾರೆಂದು ಅವನು ಕಂಡುಕೊಂಡ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು, ಒಂದರಲ್ಲಿ ತುಣುಕು ಮುಗಿಯುವಷ್ಟರಲ್ಲಿ ಇನ್ನೊಂದರಲ್ಲಿ ಅದನ್ನೇ ಶುರುಮಾಡಿದ. ಸೆಕೆಂಡುಗಳದ್ದು ನಿಮಿಷಗಟ್ಟಲೆ ಬೆಳೆಯಿತು. ವೃತ್ತಿಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತಿದ್ದ ಗ್ರಾಂಡ್‌ಮಾಸ್ಟರ್ ಫ್ಲ್ಯಾಶ್ ರೆಕಾರ್ಡಿಗೆ ಗುರುತು ಹಾಕಿ, ಬೆರಳಿಂದ ಹಿಂದಕ್ಕೆ ತಿರುಗಿಸಿ, ತಾಳ ತಪ್ಪದ ಹಾಗೆ ಕೂಡಿಸಿದ. ಇದಕ್ಕೆ ಲೆಕ್ಕ ಬೇಕು, ಕಿವಿ ಬೇಕು, ವರ್ಷಗಟ್ಟಲೆ ಸಾಧನೆ ಬೇಕು ಸ್ವಾಮಿ.

1979ರಲ್ಲಿ ‘ರ್‍ಯಾಪರ್ಸ್ ಡಿಲೈಟ್’ ಬಂತು, ಲೋಕವೇ ಕುಣಿಯಿತು. ಅದರಲ್ಲಿ ಹ್ಯಾಂಕ್ ಹಾಡಿದ ಸಾಲುಗಳು ಬ್ರಾಂಕ್ಸಿನ ಗ್ರಾಂಡ್‌ಮಾಸ್ಟರ್ ಕ್ಯಾಜ್‌ನ ನೋಟ್‌ಬುಕ್ಕಿನವು. ಕ್ಯಾಜ್‌ನ ಅಡ್ಡಹೆಸರನ್ನು ಸಹ ಬದಲಿಸದೆ ಅಕ್ಷರ ಬಿಡಿಸಿ ಹಾಡಿದ್ದಾನೆ, ನೋಡಿ! ಆ ಹಾಡಿನ ತಳದ ನಾದ ಶೀಕ್ ತಂಡದ್ದು. ಆ ತಂಡದ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ಜಗಳ ತೆಗೆದು ರಚನಕಾರರೆಂದು ಹೆಸರು ಪಡೆದರು. ಕ್ಯಾಜ್‌ಗೆ ಹೆಸರಿಲ್ಲ. ಇದನ್ನು ಬಿಳಿಯರ ತಲೆಗೆ ಕಟ್ಟಿ ಸುಮ್ಮನಾಗುವಂತಿಲ್ಲ. ರೆಕಾರ್ಡ್ ಹೊರತಂದ ಸಿಲ್ವಿಯಾ ರಾಬಿನ್‌ಸನ್ ಕಪ್ಪು ಹೆಣ್ಣುಮಗಳೇ. ಬಣ್ಣ ಒಂದೇ, ಕೈಯಲ್ಲಿದ್ದ ಕಾಗದಪತ್ರ ಬೇರೆ.

1982ರ ‘ದ ಮೆಸೇಜ್’ನಿಂದಲೇ ಹಿಪ್‌ಹಾಪ್‌ಗೆ ಗಾಂಭೀರ್ಯ ಬಂತು ಎನ್ನುವ ವಿಮರ್ಶಕರಿದ್ದಾರೆ. ಮೆಲ್ಲಿ ಮೆಲ್ ಮತ್ತು ಡ್ಯೂಕ್ ಬೂಟಿಯ ದನಿಯಲ್ಲಿ ಕೇರಿಯ ಬದುಕು ನಿಧಾನವಾಗಿ, ಕಣ್ಣಿಗೆ ಕಟ್ಟುವಂತೆ ಬಂದಿದೆ, ನಿಜ. ಹಾಗಂತ ಅದಕ್ಕೂ ಮುಂಚಿನ ಕುಣಿತ ಹಗುರವಾದದ್ದೇ? ನಾವು ಒಪ್ಪುವುದಿಲ್ಲ.

1988ರಲ್ಲಿ ಪಬ್ಲಿಕ್ ಎನಿಮಿ ತಂಡ ಹಳೆಯ ರೆಕಾರ್ಡುಗಳ ಚೂರುಗಳನ್ನು ಒಂದರ ಮೇಲೊಂದು ಪೇರಿಸಿ ಗೋಡೆಯಂಥ ನಾದ ಕಟ್ಟಿತು. 1991ರಲ್ಲಿ, ಬಿಜ್ ಮಾರ್ಕಿ ಎಂಬ ಹಾಡುಗಾರ ಅನುಮತಿಯಿಲ್ಲದೆ ಬಳಸಿದ ಒಂದು ಚೂರಿನ ಮೊಕದ್ದಮೆಯಲ್ಲಿ, ನ್ಯಾಯಾಧೀಶರು ಬೈಬಲ್ಲಿನ ‘ಕದಿಯಬಾರದು’ ಎಂಬ ಕಟ್ಟಳೆಯಿಂದಲೇ ತೀರ್ಪು ಶುರುಮಾಡಿದರು. ಆಮೇಲೆ ಚೂರುಚೂರಿಗೂ ಬೆಲೆ ಬಂತು. ಅಂಥ ಗೋಡೆ ಕಟ್ಟುವುದು ದುಡ್ಡಿದ್ದವರ ಮಾತಾಯಿತು.